ಈಗಾಗಲೇ ಮಾರಾಟದಲ್ಲಿರುವ ಐಷಾರಾಮಿ ಇವಿಗಳಿಗೆ ಹೊಸ ತಂತ್ರಜ್ಞಾನ ಬರುವುದು ಯಾವಾಗ?

ದೂರಪ್ರಯಾಣಿ (ಚರ್ಚೆ ಆರಂಭ)

ಎಲ್ಲರಿಗೂ ನಮಸ್ಕಾರ. ದೊಡ್ಡ ಐಷಾರಾಮಿ ಎಲೆಕ್ಟ್ರಿಕ್ ಕಾರೊಂದನ್ನು ಕೊಳ್ಳಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೇನೆ. ಹಣ ಹೊಂದಿಸಿಕೊಂಡಾಗಿದೆ, ಮನೆಯವರ ಒಪ್ಪಿಗೆಯೂ ಸಿಕ್ಕಿದೆ. ಆದರೆ 2025ರಲ್ಲಿ ಬಂದ ಹೊಸ ಕಾರುಗಳ ವಿವರಗಳನ್ನು ಓದಿದ ಮೇಲೆ ಮನಸ್ಸು ಹಿಂದೇಟು ಹಾಕುತ್ತಿದೆ.

ನನ್ನ ಗೊಂದಲ ಇಷ್ಟು. ಮರ್ಸಿಡಿಸ್ ಸಾಲಿನಲ್ಲಿ ಕೆಳಗಿನ ಹಂತದಲ್ಲಿರುವ ಸಿಎಲ್ಎ 800 ವೋಲ್ಟ್ ವ್ಯವಸ್ಥೆಯೊಂದಿಗೆ ಬಂದಿದೆ. ಅದರ 85 ಕಿಲೋವ್ಯಾಟ್ ಅವರ್ ಬ್ಯಾಟರಿ ಡಬ್ಲ್ಯುಎಲ್‌ಟಿಪಿ ಎಂಬ ಪ್ರಮಾಣಿತ ಮಾಪನದಲ್ಲಿ 792 ಕಿಲೋಮೀಟರ್‌ವರೆಗೆ ರೇಂಜ್ (ಒಂದು ಚಾರ್ಜ್‌ಗೆ ಓಡುವ ದೂರ) ಕೊಡುತ್ತದೆ, 320 ಕಿಲೋವ್ಯಾಟ್ ವೇಗದವರೆಗೂ ಚಾರ್ಜ್ ತೆಗೆದುಕೊಳ್ಳುತ್ತದೆ. ಬಿಎಂಡಬ್ಲ್ಯು 2025ರ ಸೆಪ್ಟೆಂಬರ್‌ನಲ್ಲಿ ಮ್ಯೂನಿಕ್‌ನಲ್ಲಿ ತೋರಿಸಿದ ಹೊಸ 800 ವೋಲ್ಟ್ ಐಎಕ್ಸ್3 ಕಾರಿನಲ್ಲಿ ಚಾರ್ಜಿಂಗ್ 400 ಕಿಲೋವ್ಯಾಟ್, ರೇಂಜ್ 805 ಕಿಲೋಮೀಟರ್‌ವರೆಗೆ. ಅದೇ ಎರಡು ಕಂಪನಿಗಳ ಶಿಖರಪ್ರಾಯ ಕಾರುಗಳಾದ ಇಕ್ಯೂಎಸ್ 2021ರಲ್ಲಿಯೂ ಐ7 2022ರಲ್ಲಿಯೂ ಮಾರುಕಟ್ಟೆಗೆ ಬಂದಾಗ ಎರಡೂ 400 ವೋಲ್ಟ್ ವರ್ಗದವಾಗಿದ್ದವು. ಮೊದಲನೆಯದರ ಗರಿಷ್ಠ ಚಾರ್ಜಿಂಗ್ 200 ಕಿಲೋವ್ಯಾಟ್, ಎರಡನೆಯದರದು 195 ಕಿಲೋವ್ಯಾಟ್. ಪೆಟ್ರೋಲ್ ಕಾಲದಲ್ಲಿ ಹೊಸ ತಂತ್ರಜ್ಞಾನ ಮೊದಲು ಎಸ್-ಕ್ಲಾಸ್‌ನಲ್ಲಿಯೋ 7 ಸೀರೀಸ್‌ನಲ್ಲಿಯೋ ಕಾಣಿಸಿಕೊಂಡು, ಆಮೇಲೆ ಸಣ್ಣ ಕಾರುಗಳಿಗೆ ಇಳಿದು ಬರುವುದನ್ನು ನೋಡಿಕೊಂಡು ಬೆಳೆದವರಿಗೆ ಇದು ತಲೆಕೆಳಗಾದಂತೆ ಕಾಣುತ್ತದೆ.

ಹಾಗಾದರೆ ಈಗಾಗಲೇ ಮಾರಾಟದಲ್ಲಿರುವ ದೊಡ್ಡ ಕಾರುಗಳಿಗೆ ಈ 800 ವೋಲ್ಟ್, ಹೊಸ ಸೆಲ್‌ಗಳು, ಹೊಸ ಕಂಪ್ಯೂಟರ್‌ಗಳು ಯಾವಾಗ ಬರುತ್ತವೆ? ಫೇಸ್‌ಲಿಫ್ಟ್‌ನಲ್ಲಿಯೇ (ಮಾದರಿಯ ಮಧ್ಯಾವಧಿ ಪರಿಷ್ಕರಣೆಯಲ್ಲಿಯೇ) ಬರುತ್ತವೆಯೋ ಅಥವಾ ಪೂರ್ತಿ ಹೊಸ ತಲೆಮಾರಿಗಾಗಿ ಕಾಯಬೇಕೋ? ಈಗ ಕೊಂಡರೆ ಮುಂದೆ ಕಂಪನಿಯೇ ಹೊಸ ಬ್ಯಾಟರಿ ಹಾಕಿಕೊಡುವ ಸಾಧ್ಯತೆ ಏನಾದರೂ ಇದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಇನ್ವರ್ಟರ್ ಇಂಜಿನಿಯರ್

ದೂರಪ್ರಯಾಣಿಯವರೇ, ಹಲವು ವರ್ಷಗಳಿಂದ ಪವರ್ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವವನಾಗಿ ನನ್ನ ತಿಳಿವಳಿಕೆಯನ್ನು ಹೇಳುತ್ತೇನೆ. ‘ಹೊಸ ತಂತ್ರಜ್ಞಾನ ಯಾವಾಗ ಬರುತ್ತದೆ’ ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಆ ತಂತ್ರಜ್ಞಾನ ಕಾರಿನ ಯಾವ ಪದರದಲ್ಲಿ ಕೂರುತ್ತದೆ ಎಂಬುದನ್ನು ಮೊದಲು ನೋಡಬೇಕು. ಸಾಫ್ಟ್‌ವೇರ್‌ನಲ್ಲಿ ಕೂರುವುದು ಕೆಲವೇ ತಿಂಗಳಲ್ಲಿ, ಮಾರಾಟವಾದ ಕಾರಿಗೂ ಬರಬಹುದು. ಬ್ಯಾಟರಿ ಪೆಟ್ಟಿಗೆಯೊಳಗಿನ ಸೆಲ್, ಮೋಟರ್, ಬ್ಯಾಟರಿಯ ವಿದ್ಯುತ್ತನ್ನು ಮೋಟರ್‌ಗೆ ಬೇಕಾದ ರೂಪಕ್ಕೆ ತರುವ ಇನ್ವರ್ಟರ್‌ನಂಥವು ಸಾಮಾನ್ಯವಾಗಿ ಮೂರು-ನಾಲ್ಕು ವರ್ಷಕ್ಕೆ ಬರುವ ಫೇಸ್‌ಲಿಫ್ಟ್‌ನಲ್ಲಿ ಬದಲಾಗುತ್ತವೆ. ವೋಲ್ಟೇಜ್ ಮತ್ತು ಇಡೀ ಕಾರಿನ ವೈರಿಂಗ್ ವಿನ್ಯಾಸ ಮಾತ್ರ ಪ್ಲಾಟ್‌ಫಾರ್ಮ್‌ಗೆ ಅಂದರೆ ಕಾರಿನ ಮೂಲ ತಳಹದಿಗೆ ಅಂಟಿಕೊಂಡಿರುತ್ತವೆ. ಅವು ಬದಲಾಗಲು ಬಹುತೇಕ ಏಳು-ಎಂಟು ವರ್ಷದ ಪೂರ್ತಿ ಚಕ್ರ ಮುಗಿಯಬೇಕಾಗುತ್ತದೆ.

ವೋಲ್ಟೇಜ್ ಬದಲಾಯಿಸುವುದು ಏಕೆ ಕಷ್ಟ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ದ್ರವದಿಂದ ತಂಪು ಮಾಡುವ ಇಂದಿನ ಸಾಮಾನ್ಯ ಡಿಸಿ (ವೇಗದ ಚಾರ್ಜಿಂಗ್) ಕೇಬಲ್ ಸುಮಾರು 500 ಆಂಪಿಯರ್ ವಿದ್ಯುತ್ತನ್ನು ನಿರಾಳವಾಗಿ ಸಾಗಿಸುತ್ತದೆ. 400 ವೋಲ್ಟ್‌ನಲ್ಲಿ 500 ಆಂಪಿಯರ್ ಎಂದರೆ 200 ಕಿಲೋವ್ಯಾಟ್. 800 ವೋಲ್ಟ್‌ನಲ್ಲಿ ಅದೇ 500 ಆಂಪಿಯರ್ ಎಂದರೆ 400 ಕಿಲೋವ್ಯಾಟ್. ನೀವು ಬರೆದಿರುವ ಇಕ್ಯೂಎಸ್ ಮತ್ತು ಐಎಕ್ಸ್3 ಕಾರುಗಳ ಅಂಕಿಗಳನ್ನೇ ಮತ್ತೊಮ್ಮೆ ನೋಡಿ, ಈ ಲೆಕ್ಕ ಕಣ್ಣಿಗೆ ಬೀಳುತ್ತದೆ. ಅಷ್ಟೇ ಶಕ್ತಿಯನ್ನು ಅರ್ಧ ಕರೆಂಟ್‌ನಲ್ಲಿ ಸಾಗಿಸಿದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಆದ್ದರಿಂದ ತಾಮ್ರವೂ ಕಡಿಮೆ ಸಾಕು.

ಆದರೆ ಇದನ್ನು ಪಡೆಯಲು ಬ್ಯಾಟರಿಯ ಸೆಲ್‌ಗಳನ್ನು ಬೇರೆ ರೀತಿ ಜೋಡಿಸಿದರೆ ಸಾಲದು. 400 ವೋಲ್ಟ್ ಕಾರಿನ ಇನ್ವರ್ಟರ್‌ನಲ್ಲಿರುವ ಸ್ವಿಚ್‌ಗಳು 650 ಅಥವಾ 750 ವೋಲ್ಟ್ ತಾಳಿಕೆಯವು. 800 ವೋಲ್ಟ್‌ಗೆ 1,200 ವೋಲ್ಟ್ ತಾಳಿಕೆಯವು ಬೇಕು, ಅಲ್ಲಿಯೇ ಸಿಲಿಕಾನ್ ಕಾರ್ಬೈಡ್ ಎಂಬ ದುಬಾರಿ ಅರೆವಾಹಕ ತನ್ನ ಬೆಲೆಗೆ ತಕ್ಕ ಲಾಭ ಕೊಡುವುದು. ಎಸಿ ಕಂಪ್ರೆಸರ್, ಕ್ಯಾಬಿನ್ ಹೀಟರ್, ಮನೆಯಲ್ಲಿ ಚಾರ್ಜ್ ಮಾಡುವಾಗ ಬಳಕೆಯಾಗುವ ಆನ್‌ಬೋರ್ಡ್ ಚಾರ್ಜರ್, 12 ವೋಲ್ಟ್‌ಗೆ ಇಳಿಸುವ ಪರಿವರ್ತಕ, ಕಾಂಟ್ಯಾಕ್ಟರ್‌ಗಳು, ಫ್ಯೂಸ್‌ಗಳು, ಮೋಟರ್ ಸುರುಳಿಯ ಇನ್ಸುಲೇಷನ್, ಕನೆಕ್ಟರ್‌ಗಳಲ್ಲಿ ಪಿನ್‌ಗಳ ನಡುವಿನ ಅಂತರ ಇವೆಲ್ಲವೂ ಬದಲಾಗಬೇಕು. ಬದಲಾದ ಪ್ರತಿ ಭಾಗವೂ ಹೊಸದಾಗಿ ಪರೀಕ್ಷೆಗೆ ಒಳಗಾಗಬೇಕು. ಬಿಡಿಭಾಗ ಪೂರೈಸುವವರೊಂದಿಗೆ ವರ್ಷಗಳ ಹಿಂದೆಯೇ ಆಗಿರುವ ಒಪ್ಪಂದಗಳಿರುತ್ತವೆ, ಅವನ್ನು ನಡುವೆ ಮುರಿಯುವುದು ಸುಲಭವಲ್ಲ.

ಇನ್ನು ಸಣ್ಣ ಕಾರಿಗೆ ಮೊದಲು ಏಕೆ ಬಂತು ಎಂಬ ನಿಮ್ಮ ಪ್ರಶ್ನೆ. ಹೊಸ ಸೆಲ್‌ಗೆ, ಹೊಸ ಪ್ಲಾಟ್‌ಫಾರ್ಮ್‌ಗೆ ಹೂಡುವ ಬಂಡವಾಳ ವಾಪಸಾಗಬೇಕಾದರೆ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾಗುವ ಕಾರು ಬೇಕು. ಇಕ್ಯೂಎಸ್, ಐ7 ಕಾರುಗಳ ಮಾರಾಟ ಆ ಹೊರೆಯನ್ನು ಹೊರುವಷ್ಟು ದೊಡ್ಡದಲ್ಲ. ಜೊತೆಗೆ ಹೊಸ ಪ್ಲಾಟ್‌ಫಾರ್ಮ್‌ಗಳು ಸಿದ್ಧವಾದ ಹೊತ್ತಿಗೆ ಆ ದೊಡ್ಡ ಕಾರುಗಳು ತಮ್ಮ ಆಯುಷ್ಯದ ನಡುಭಾಗದಲ್ಲಿದ್ದವು. ಮಾದರಿಗಳ ಸರದಿ ಹೀಗೆ ಬಂದದ್ದರಿಂದ ನೀವು ಈಗ ನೋಡುತ್ತಿರುವ ಅಂತರ ಹುಟ್ಟಿಕೊಂಡಿದೆ.

ಟೈಕಾನ್ ಅಭಿಮಾನಿ

ಇಂಜಿನಿಯರ್ ಸರ್ ಹೇಳಿದ ನಡುವಿನ ಪದರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಪೋರ್ಷ ಟೈಕಾನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ ಎಂದು ನನ್ನ ಭಾವನೆ. 2019ರಲ್ಲಿ 800 ವೋಲ್ಟ್‌ನೊಂದಿಗೆ ಬಂದ ಕಾರು ಅದು. 2024ರ ಪರಿಷ್ಕರಣೆಯಲ್ಲಿ ಅದೇ ಪ್ಲಾಟ್‌ಫಾರ್ಮ್, ಅದೇ ಜಾಗದಲ್ಲಿ ದೊಡ್ಡ ಬ್ಯಾಟರಿಯ ಒಟ್ಟು ಸಾಮರ್ಥ್ಯ 93.4ರಿಂದ 105 ಕಿಲೋವ್ಯಾಟ್ ಅವರ್‌ಗೆ ಏರಿತು, ಅದರ ತೂಕ ಮಾತ್ರ 634 ಕಿಲೋದಿಂದ 625 ಕಿಲೋಗೆ ಇಳಿಯಿತು. ಗರಿಷ್ಠ ಚಾರ್ಜಿಂಗ್ 270ರಿಂದ 320 ಕಿಲೋವ್ಯಾಟ್ ಆಯಿತು.

ಕಾಗದದ ಮೇಲಿನ ಈ ಗರಿಷ್ಠ ಅಂಕಿಗಿಂತ ನನ್ನ ಗಮನ ಸೆಳೆದದ್ದು ಇನ್ನೊಂದು. ಬ್ಯಾಟರಿಯ ಉಷ್ಣತೆ 15 ಡಿಗ್ರಿಯಷ್ಟು ಕಡಿಮೆ ಇದ್ದಾಗ ಹಳೆಯ ಕಾರು ಶೇ 10ರಿಂದ ಶೇ 80ಕ್ಕೆ ಏರಲು 37 ನಿಮಿಷ ತೆಗೆದುಕೊಳ್ಳುತ್ತಿತ್ತು. ಹೊಸದು ಅದೇ ಸ್ಥಿತಿಯಲ್ಲಿ 18 ನಿಮಿಷದಲ್ಲಿ ಮುಗಿಸುತ್ತದೆ ಎಂದು ಕಂಪನಿ ಹೇಳಿದೆ. ಚಳಿಯ ಬೆಳಗ್ಗೆ ಹೆದ್ದಾರಿಗೆ ಇಳಿದು, ಬ್ಯಾಟರಿ ಬಿಸಿಯಾಗುವ ಮೊದಲೇ ಚಾರ್ಜರ್ ಮುಂದೆ ನಿಲ್ಲಬೇಕಾಗಿ ಬಂದವರಿಗೆ ಈ ವ್ಯತ್ಯಾಸದ ಬೆಲೆ ಗೊತ್ತಿರುತ್ತದೆ. ಹಿಂಬದಿಯ ಮೋಟರ್ ಕೂಡ ಹೊಸದು. ಇಷ್ಟೆಲ್ಲ ಸೇರಿ ರೇಂಜ್ ಡಬ್ಲ್ಯುಎಲ್‌ಟಿಪಿ ಪ್ರಕಾರ 678 ಕಿಲೋಮೀಟರ್‌ವರೆಗೆ ಹೋಯಿತು. ಅದೇ ತಳಹದಿಯ ಆಡಿ ಇ-ಟ್ರಾನ್ ಜಿಟಿಗೂ ಅದೇ ವರ್ಷ ಇದೇ ಲಾಭ ಸಿಕ್ಕಿತು.

ಫೇಸ್‌ಲಿಫ್ಟ್ ಎಂದರೆ ದೀಪ, ಬಂಪರ್ ಬದಲಾಯಿಸುವುದು ಎಂದುಕೊಂಡಿದ್ದವರ ಅಭಿಪ್ರಾಯವನ್ನು ಈ ಕಾರು ಬದಲಾಯಿಸಬೇಕು.

ಇನ್ವರ್ಟರ್ ಇಂಜಿನಿಯರ್

ಒಪ್ಪುತ್ತೇನೆ. ಟೈಕಾನ್‌ಗೆ ಅಷ್ಟೊಂದು ಸಾಧ್ಯವಾದದ್ದು ಅದು ಹುಟ್ಟುವಾಗಲೇ 800 ವೋಲ್ಟ್ ಆಗಿದ್ದರಿಂದ. ಬೇರು ಗಟ್ಟಿಯಾಗಿತ್ತು, ಕೊಂಬೆ ಬೆಳೆಸಲು ಜಾಗವಿತ್ತು.

ಇದರ ಪಕ್ಕದಲ್ಲಿ ಆಡಿಯ ಮೊದಲ ಇ-ಟ್ರಾನ್ ಎಸ್‌ಯುವಿಯನ್ನು ಇಟ್ಟು ನೋಡಿ. 2018ರ ಆ ಕಾರು 2022ರ ಕೊನೆಗೆ ಕ್ಯೂ8 ಇ-ಟ್ರಾನ್ ಎಂಬ ಹೊಸ ಹೆಸರು ಪಡೆಯಿತು. ಬ್ಯಾಟರಿಯ ಒಟ್ಟು ಸಾಮರ್ಥ್ಯ 95ರಿಂದ 114 ಕಿಲೋವ್ಯಾಟ್ ಅವರ್‌ಗೆ ಜಿಗಿಯಿತು. ಇದು ಹೇಗಾಯಿತೆಂದರೆ, ಮೊದಲು ಸೆಲ್‌ನೊಳಗಿನ ಪದರಗಳನ್ನು ಚಾಪೆ ಸುತ್ತಿದಂತೆ ಸುತ್ತುತ್ತಿದ್ದರು. ಆಗ ಚೌಕಾಕಾರದ ಕವಚದ ಮೂಲೆಗಳಲ್ಲಿ ಖಾಲಿ ಜಾಗ ಉಳಿಯುತ್ತಿತ್ತು. ಪರಿಷ್ಕೃತ ಕಾರಿನಲ್ಲಿ ಪದರಗಳನ್ನು ಒಂದರ ಮೇಲೊಂದು ಪೇರಿಸಿದರು, ಮೂಲೆಗಳೂ ತುಂಬಿದವು. ಇಷ್ಟು ಜಾಣತನದ ನಂತರವೂ ಚಾರ್ಜಿಂಗ್ 150ರಿಂದ 170 ಕಿಲೋವ್ಯಾಟ್‌ಗೆ ಮಾತ್ರ ಏರಿತು, ಏಕೆಂದರೆ ವೋಲ್ಟೇಜ್ ಹಾಗೆಯೇ ಇತ್ತು. 2025ರ ಫೆಬ್ರವರಿಯಲ್ಲಿ ಬ್ರಸೆಲ್ಸ್ ಕಾರ್ಖಾನೆಯಲ್ಲಿ ಅದರ ಉತ್ಪಾದನೆಯೇ ನಿಂತಿತು. 800 ವೋಲ್ಟ್ ಅದಕ್ಕೆ ಬರಲೇ ಇಲ್ಲ.

ಇಕ್ಯೂಎಸ್ ಕಥೆಯೂ ಇದನ್ನೇ ಹೇಳುತ್ತದೆ. 2024ರಲ್ಲಿ ಅದರ ಬಳಕೆಗೆ ಸಿಗುವ ಬ್ಯಾಟರಿ ಸಾಮರ್ಥ್ಯ 107.8ರಿಂದ 118 ಕಿಲೋವ್ಯಾಟ್ ಅವರ್‌ಗೆ ಏರಿ, ರೇಂಜ್ 800 ಕಿಲೋಮೀಟರ್ ದಾಟಿತು. ಆಗಲೂ ಅದು 400 ವೋಲ್ಟ್ ಕಾರಾಗಿಯೇ ಉಳಿಯಿತು. 2025ರಲ್ಲಿ ಪರಿಷ್ಕೃತವಾದ ಬಿಎಂಡಬ್ಲ್ಯು ಐಎಕ್ಸ್ ಕೂಡ ಎಕ್ಸ್‌ಡ್ರೈವ್60 ರೂಪದಲ್ಲಿ 701 ಕಿಲೋಮೀಟರ್‌ವರೆಗೆ ಹೋಗುತ್ತದೆ, ಚಾರ್ಜಿಂಗ್ ಗರಿಷ್ಠ 195 ಕಿಲೋವ್ಯಾಟ್‌ನಲ್ಲಿಯೇ ನಿಂತಿದೆ. ರೇಂಜ್ ಬೇಕಾದವರು ಫೇಸ್‌ಲಿಫ್ಟ್‌ಗೆ ಕಾದರೆ ಸಾಮಾನ್ಯವಾಗಿ ನಿರಾಶರಾಗುವುದಿಲ್ಲ. ಚಾರ್ಜಿಂಗ್ ವೇಗ ಬೇಕಾದವರು ಹುಟ್ಟಿನಿಂದಲೇ 800 ವೋಲ್ಟ್ ಆಗಿರುವ ಕಾರನ್ನೇ ಹುಡುಕಬೇಕು.

ಕುಟುಂಬದ ಚಾಲಕಿ

ಸರ್, ನಿಮ್ಮ ವಾದ ಬಹುಮಟ್ಟಿಗೆ ಸರಿಯೆನಿಸಿದರೂ ಒಂದು ಕಡೆ ನಾನು ತಡೆಯುತ್ತೇನೆ. ವೋಲ್ವೊ ಇಎಕ್ಸ್90 ಮತ್ತು ಪೋಲ್‌ಸ್ಟಾರ್ 3 ಎರಡೂ 2024ರಲ್ಲಿ 400 ವೋಲ್ಟ್ ಕಾರುಗಳಾಗಿ ಗ್ರಾಹಕರ ಕೈ ಸೇರಿದವು. 2026ರ ಮಾಡೆಲ್ ಇಯರ್‌ಗೆ ಎರಡೂ 800 ವೋಲ್ಟ್ ಆದವು. ಬಾಡಿ ಅದೇ, ಹೆಸರೂ ಅದೇ. ಇಎಕ್ಸ್90 ಈಗ 10 ನಿಮಿಷದಲ್ಲಿ 250 ಕಿಲೋಮೀಟರ್‌ವರೆಗಿನ ರೇಂಜ್ ತುಂಬಿಕೊಳ್ಳಬಲ್ಲದು ಎಂದು ಕಂಪನಿ ಹೇಳುತ್ತದೆ. ಹಾಗಿದ್ದ ಮೇಲೆ, ಪೂರ್ತಿ ಚಕ್ರ ಮುಗಿಯದೆ ವೋಲ್ಟೇಜ್ ಬದಲಾಗದು ಎಂದು ಖಡಾಖಂಡಿತವಾಗಿ ಹೇಳಲಾಗದಲ್ಲವೇ?

ನನಗೆ ಇದು ಬರೀ ತಾಂತ್ರಿಕ ವಿಷಯವಲ್ಲ. ಮೊದಲ ವರ್ಷದಲ್ಲಿಯೇ ನಂಬಿಕೆಯಿಟ್ಟು ದುಡ್ಡು ಕೊಟ್ಟವರು, ಅರೆಬರೆ ಸಾಫ್ಟ್‌ವೇರ್‌ನ ಕಿರಿಕಿರಿಯನ್ನೆಲ್ಲ ಸಹಿಸಿಕೊಂಡವರು, ವರ್ಷ-ಎರಡು ವರ್ಷದಲ್ಲಿ ಅದೇ ಹೆಸರಿನ ಕಾರು ಬೇರೆಯೇ ದರ್ಜೆಯ ಚಾರ್ಜಿಂಗ್‌ನೊಂದಿಗೆ ಬರುವುದನ್ನು ನೋಡಬೇಕಾಗುತ್ತದೆ. ಹೊಸ ತಂತ್ರಜ್ಞಾನ ಬೇಗ ಬರಲಿ ಎಂದು ಬಯಸುವಾಗ ಈಗಾಗಲೇ ಕೊಂಡವರ ಬಗ್ಗೆಯೂ ಕಂಪನಿಗಳು ಯೋಚಿಸಬೇಕೆಂದು ನನ್ನ ಕಳಕಳಿಯ ಮನವಿ. ಈ ವಿಷಯದಲ್ಲಿ ವೋಲ್ವೊ ಒಂದು ಒಳ್ಳೆಯ ಕೆಲಸ ಮಾಡಿತು ಎಂಬುದನ್ನೂ ಹೇಳಬೇಕು: 2026ರ ಕಾರಿಗೆ ಹಾಕಿದ ಹೊಸ ಮುಖ್ಯ ಕಂಪ್ಯೂಟರ್, ಅಂದರೆ ಎನ್‌ವಿಡಿಯಾದ ಎರಡು ಓರಿನ್ ಚಿಪ್‌ಗಳಿರುವುದನ್ನು, ಮೊದಲಿನ ಇಎಕ್ಸ್90 ಮಾಲೀಕರಿಗೂ ಉಚಿತವಾಗಿ ಹಾಕಿಕೊಡುವುದಾಗಿ ಘೋಷಿಸಿತು.

ಇನ್ವರ್ಟರ್ ಇಂಜಿನಿಯರ್

ಮೇಡಂ, ನೀವು ಎತ್ತಿದ ಉದಾಹರಣೆ ಈ ಚರ್ಚೆಗೆ ಬಹಳ ಮುಖ್ಯವಾದದ್ದು. ‘ಬಹುತೇಕ’ ಎಂದು ನಾನು ಬರೆದದ್ದು ಇಂಥ ಪ್ರಸಂಗಗಳು ಇರುವುದರಿಂದಲೇ. ಆದರೆ ಅದನ್ನು ಎರಡು ಭಾಗವಾಗಿ ಬಿಡಿಸಿ ನೋಡಬೇಕು. ಕಾರ್ಖಾನೆಯಲ್ಲಿ ಹೊಸದಾಗಿ ತಯಾರಾಗುವ ಕಾರಿಗೆ ಏನು ಬಂತು ಎಂಬುದು ಒಂದು. ಆಗಲೇ ಮನೆ ಸೇರಿದ ಕಾರಿಗೆ ಏನು ಬಂತು ಎಂಬುದು ಇನ್ನೊಂದು. ತಯಾರಾಗುವ ಕಾರಿಗೆ 800 ವೋಲ್ಟ್ ಮತ್ತು ಕಂಪ್ಯೂಟರ್ ಎರಡೂ ಬಂದವು. ಮನೆ ಸೇರಿದ ಕಾರಿಗೆ ಕಂಪ್ಯೂಟರ್ ಮಾತ್ರ ಬಂತು.

ಇದು ಆಕಸ್ಮಿಕವಲ್ಲ. ಕಂಪ್ಯೂಟರ್ ಎಂಬುದು ಬ್ರಾಕೆಟ್‌ನಲ್ಲಿ ಕೂತ ಒಂದು ಪೆಟ್ಟಿಗೆ. ಹೊಸ ಪೆಟ್ಟಿಗೆ ಅದೇ ಜಾಗದಲ್ಲಿ ಕೂರುವುದಾದರೆ, ಅದೇ ಕನೆಕ್ಟರ್‌ಗಳಿಗೆ, ಅದೇ ತಂಪುಗೊಳಿಸುವ ವ್ಯವಸ್ಥೆಗೆ ಹೊಂದಿಕೊಳ್ಳುವುದಾದರೆ, ಸರ್ವೀಸ್ ಕೇಂದ್ರದಲ್ಲಿಯೇ ಬದಲಾಯಿಸಿಕೊಡಬಹುದು. ಟೆಸ್ಲಾ ಇದನ್ನು ಮೊದಲೇ ಮಾಡಿ ತೋರಿಸಿತ್ತು. ಚಾಲಕನಿಗೆ ನೆರವಾಗುವ ಫುಲ್ ಸೆಲ್ಫ್ ಡ್ರೈವಿಂಗ್‌ಗೆ ಹಣ ಕೊಟ್ಟಿದ್ದವರ ಹಳೆಯ ಕಾರುಗಳಿಗೆ 2019ರ ತಲೆಮಾರಿನ, ಮೂರನೇ ಹಾರ್ಡ್‌ವೇರ್ ಎಂದು ಕರೆಯುವ ಕಂಪ್ಯೂಟರನ್ನು ಹಾಕಿಕೊಟ್ಟಿತು. ನಾಲ್ಕನೇ ಹಾರ್ಡ್‌ವೇರ್ ಬಂದಾಗ ಅದರ ಆಕಾರ, ವಿದ್ಯುತ್ ಬೇಡಿಕೆ, ಕ್ಯಾಮೆರಾಗಳು ಎಲ್ಲವೂ ಬೇರೆಯಾದದ್ದರಿಂದ ಅದನ್ನು ಹಳೆಯ ಕಾರಿಗೆ ನೇರವಾಗಿ ಕೂರಿಸುವ ದಾರಿ ಇರಲಿಲ್ಲ. ಒಂದೇ ಕಂಪನಿ, ಒಂದೇ ರೀತಿಯ ಭಾಗ. ಒಮ್ಮೆ ಸಾಧ್ಯವಾದದ್ದು ಇನ್ನೊಮ್ಮೆ ಆಗಲಿಲ್ಲ.

ಮೊದಲ ಖರೀದಿದಾರರ ಬಗ್ಗೆ ನೀವು ಬರೆದದ್ದನ್ನು ನಾನು ಪೂರ್ಣ ಮನಸ್ಸಿನಿಂದ ಬೆಂಬಲಿಸುತ್ತೇನೆ. ವೋಲ್ಟೇಜ್ ಬದಲಾವಣೆ ಹತ್ತಿರದಲ್ಲಿದೆ ಎಂಬುದು ವಿನ್ಯಾಸ ವಿಭಾಗಕ್ಕೆ ಬಹಳ ಮುಂಚೆಯೇ ಗೊತ್ತಿರುತ್ತದೆ. ಅದನ್ನು ಗ್ರಾಹಕರಿಗೆ ಮೊದಲೇ ತಿಳಿಸಿದರೆ ಒಂದಷ್ಟು ಬುಕಿಂಗ್ ಮುಂದಕ್ಕೆ ಹೋಗಬಹುದು, ನಂಬಿಕೆ ಉಳಿಯುತ್ತದೆ.

ಹಳೆಯ ಸೆಡಾನ್ ಮಾಲೀಕ

ಇದೇ ಸಾಲಿನಲ್ಲಿ ಟೆಸ್ಲಾ ಮಾಡೆಲ್ ಎಸ್ ಇತಿಹಾಸವನ್ನು ನೆನಪಿಸಬೇಕು. 2012ರಿಂದ ಮಾರಾಟಕ್ಕೆ ಬಂದ ಕಾರು ಅದು. 2019ರ ಏಪ್ರಿಲ್‌ನಲ್ಲಿ ಹೊರಗಿನಿಂದ ಏನೂ ಬದಲಾಗದೆ, ಅದೇ 100 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿಯೇ, ಮುಂಬದಿಯ ಮೋಟರನ್ನು ಬದಲಾಯಿಸಿದ್ದರಿಂದ ಅಮೆರಿಕದ ಇಪಿಎ ಮಾಪನದಲ್ಲಿ ರೇಂಜ್ 335 ಮೈಲಿಯಿಂದ 370 ಮೈಲಿಗೆ ಏರಿತು. ಮಾಡೆಲ್ 3ಗಾಗಿ ರೂಪಿಸಿದ್ದ ಶಾಶ್ವತ ಅಯಸ್ಕಾಂತದ ಮೋಟರ್ ತಂತ್ರಜ್ಞಾನ ಅಲ್ಲಿಂದ ದೊಡ್ಡ ಕಾರಿಗೆ ಹತ್ತಿ ಬಂದದ್ದು. ಕೆಳಗಿನ ಕಾರಿನಿಂದ ಮೇಲಿನ ಕಾರಿಗೆ ತಂತ್ರಜ್ಞಾನ ಏರುವುದು ಇಂದು ನಿನ್ನೆಯದಲ್ಲ ಎಂದು ದೂರಪ್ರಯಾಣಿಯವರು ಗಮನಿಸಬೇಕು.

ಆದರೆ 2023ರಲ್ಲಿ ಸೈಬರ್‌ಟ್ರಕ್‌ನೊಂದಿಗೆ ಬಂದ 48 ವೋಲ್ಟ್ ಪೂರಕ ವಿದ್ಯುತ್ ವ್ಯವಸ್ಥೆ ಮಾಡೆಲ್ ಎಸ್‌ಗೆ ಇಳಿಯಲಿಲ್ಲ. ಕಿಟಕಿ ಏರಿಸುವ ಮೋಟರ್‌ನಿಂದ ಹಿಡಿದು ದೀಪದವರೆಗೆ ಪ್ರತಿಯೊಂದನ್ನೂ ಹೊಸದಾಗಿ ಮಾಡಬೇಕಾಗುವ ಬದಲಾವಣೆ ಅದು. ಇಂಜಿನಿಯರ್ ಅವರು ಹೇಳಿದ ಮೂರನೇ ಪದರಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನನಗೆ ತೋಚದು.

ಬದಲಿ ಬ್ಯಾಟರಿ

ಇಲ್ಲಿಯವರೆಗೆ ಯಾರೂ ಬ್ಯಾಟರಿಯನ್ನೇ ಬದಲಿಸಿಕೊಡುವ ಚೀನಾದ ನಿಯೊ ಕಂಪನಿಯ ಹೆಸರು ಎತ್ತಿಲ್ಲ. ಮನೆ ಸೇರಿದ ಕಾರಿಗೆ ಹೊಸ ಸೆಲ್ ತಲುಪಿಸುವ ಕೆಲಸವನ್ನು ಅವರು ನಿಜವಾಗಿಯೂ ಮಾಡಿದ್ದಾರೆ. 2018ರ ಇಎಸ್8 ಕಾರು 70 ಕಿಲೋವ್ಯಾಟ್ ಅವರ್ ಬ್ಯಾಟರಿಯೊಂದಿಗೆ ಬಂದಿತ್ತು. 2020ರ ನವೆಂಬರ್‌ನಲ್ಲಿ 100 ಕಿಲೋವ್ಯಾಟ್ ಅವರ್ ಬ್ಯಾಟರಿ ಬಂದಾಗ ಹಳೆಯ ಮಾಲೀಕರೂ ಅದಕ್ಕೆ ಏರಿಕೊಳ್ಳುವ ಯೋಜನೆಗಳನ್ನು ಕೊಟ್ಟರು, ಏಕೆಂದರೆ ಪೆಟ್ಟಿಗೆಯ ಹೊರ ಅಳತೆಯನ್ನು ಅವರು ಮೊದಲೇ ಒಂದೇ ಎಂದು ನಿಗದಿ ಮಾಡಿಕೊಂಡಿದ್ದರು. ಒಳಗೆ ದ್ರವದ ಪಾಲು ಕಡಿಮೆಯಿರುವ ಅರೆ-ಘನ ಬಗೆಯ 150 ಕಿಲೋವ್ಯಾಟ್ ಅವರ್ ಬ್ಯಾಟರಿಯೂ ಅದೇ ದಾರಿಯಲ್ಲಿ ಬಂತು; 2023ರ ಡಿಸೆಂಬರ್‌ನಲ್ಲಿ ಕಂಪನಿಯ ಮುಖ್ಯಸ್ಥ ವಿಲಿಯಂ ಲಿ ಅದನ್ನು ಹಾಕಿದ ಇಟಿ7 ಕಾರನ್ನು ಒಂದೇ ಚಾರ್ಜ್‌ನಲ್ಲಿ 1,000 ಕಿಲೋಮೀಟರ್‌ಗೂ ಹೆಚ್ಚು ದೂರ ಓಡಿಸಿ ನೇರಪ್ರಸಾರ ಮಾಡಿದರು.

ಜರ್ಮನ್ ಕಂಪನಿಗಳು ಬ್ಯಾಟರಿಯನ್ನು ಕಾರಿನ ತಳದ ಅಂಗವಾಗಿಯೇ ಮಾಡುವ ದಾರಿ ಹಿಡಿದಿವೆ. ಹೊಸ ಐಎಕ್ಸ್3 ಕಾರಿನಲ್ಲಿ ಬ್ಯಾಟರಿ ಕಾರಿನ ರಚನೆಯ ಭಾಗವೇ ಆಗಿದೆ. ಅದರಿಂದ ತೂಕ ಉಳಿಯುತ್ತದೆ, ಗಡಸುತನ ಹೆಚ್ಚುತ್ತದೆ. ಆದರೆ ಮುಂದೊಂದು ದಿನ ಬೇರೆ ಬ್ಯಾಟರಿ ಕೂರಿಸುವ ದಾರಿ ಅಷ್ಟರಮಟ್ಟಿಗೆ ಕಿರಿದಾಗುತ್ತದೆ.

ದೂರಪ್ರಯಾಣಿ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳುವವರು ಶೋರೂಂನಲ್ಲಿ ನನಗೆ ಸಿಕ್ಕಿರಲಿಲ್ಲ.

ಇನ್ನೊಂದು ವಿಷಯ ಕಾಡುತ್ತಿದೆ. ಒಳಗೆ ದ್ರವದ ಬದಲು ಘನ ವಸ್ತುವಿರುವ ಘನಸ್ಥಿತಿ ಬ್ಯಾಟರಿಯ ಸುದ್ದಿ ದಿನವೂ ಕಣ್ಣಿಗೆ ಬೀಳುತ್ತದೆ. 2025ರಲ್ಲಿ ಇಕ್ಯೂಎಸ್ ಕಾರೇ ಆ ಬ್ಯಾಟರಿಯೊಂದಿಗೆ ದೊಡ್ಡ ದೂರ ಓಡಿತಂತೆ. ಆ ಕಾರಿನಲ್ಲಿ ಓಡಿದೆ ಎಂದ ಮೇಲೆ, ನಾನು ಕೊಳ್ಳುವ ಕಾರಿಗೂ ಅದು ಕೆಲವು ವರ್ಷಗಳಲ್ಲಿ ಬರಬಹುದು ಎಂದು ಆಸೆ ಇಟ್ಟುಕೊಳ್ಳಬಹುದೇ?

ಸೆಲ್ ಪ್ರಯೋಗಾಲಯ

ಸೆಲ್ ಪರೀಕ್ಷೆಯ ಕೆಲಸದಲ್ಲಿರುವವನಾಗಿ ಈ ಪ್ರಶ್ನೆಗೆ ಉತ್ತರಿಸುತ್ತೇನೆ. ನೀವು ಕೇಳಿದ ಸುದ್ದಿ ನಿಜ. ಫ್ಯಾಕ್ಟೋರಿಯಲ್ ಕಂಪನಿಯ ಲಿಥಿಯಂ ಲೋಹದ ಘನಸ್ಥಿತಿ ಸೆಲ್‌ಗಳನ್ನು ಹಾಕಿದ ಇಕ್ಯೂಎಸ್ ಪರೀಕ್ಷಾ ಕಾರು ಸ್ಟುಟ್‌ಗಾರ್ಟ್‌ನಿಂದ ಸ್ವೀಡನ್‌ನ ಮಾಲ್ಮೊವರೆಗೆ 1,205 ಕಿಲೋಮೀಟರ್ ದೂರವನ್ನು ನಡುವೆ ಎಲ್ಲಿಯೂ ಚಾರ್ಜ್ ಮಾಡದೆ ಕ್ರಮಿಸಿತು. ತಲುಪಿದಾಗಲೂ 137 ಕಿಲೋಮೀಟರ್ ರೇಂಜ್ ಉಳಿದಿತ್ತು. ಬಿಎಂಡಬ್ಲ್ಯು ಕೂಡ 2025ರ ಮೇ ತಿಂಗಳಲ್ಲಿ ಸಾಲಿಡ್ ಪವರ್ ಕಂಪನಿಯ ಸೆಲ್‌ಗಳಿರುವ ಐ7 ಪರೀಕ್ಷಾ ಕಾರನ್ನು ಮ್ಯೂನಿಕ್ ಸುತ್ತಮುತ್ತ ರಸ್ತೆಗಿಳಿಸಿತು.

ಆದರೆ ಪರೀಕ್ಷೆಗೆ ಐಷಾರಾಮಿ ಕಾರನ್ನು ಆರಿಸಿಕೊಳ್ಳುವುದಕ್ಕೂ ಆ ಮಾದರಿಯ ಗ್ರಾಹಕರಿಗೆ ಬ್ಯಾಟರಿ ಸಿಗುವುದಕ್ಕೂ ಸಂಬಂಧವಿಲ್ಲ. ದೊಡ್ಡ ಕಾರಿನ ತಳದಲ್ಲಿ ಜಾಗ ಹೆಚ್ಚು, ಅಳತೆಯ ಉಪಕರಣಗಳನ್ನು ಇಡುವುದು ಸುಲಭ. ಆ ಇಕ್ಯೂಎಸ್ ಪ್ಯಾಕ್‌ನೊಳಗೆ ಏನಿತ್ತು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತದೆ. ಲಿಥಿಯಂ ಲೋಹದ ಸೆಲ್ ಚಾರ್ಜ್ ಆಗುವಾಗ ಉಬ್ಬುತ್ತದೆ, ಖಾಲಿಯಾಗುವಾಗ ಕುಗ್ಗುತ್ತದೆ; ಪದರಗಳ ನಡುವೆ ಸಂಪರ್ಕ ಕಡಿಯದಿರಲು ಒತ್ತಡ ಸದಾ ಸಮನಾಗಿರಬೇಕು. ಅದಕ್ಕಾಗಿ ಮರ್ಸಿಡಿಸ್‌ನವರು ಸೆಲ್‌ಗಳನ್ನು ತೇಲುವ ಚೌಕಟ್ಟಿನಲ್ಲಿ ಇಟ್ಟು, ಗಾಳಿಯ ಒತ್ತಡದಿಂದ ಕೆಲಸ ಮಾಡುವ ಆಕ್ಚುಯೇಟರ್‌ಗಳನ್ನು ಅಳವಡಿಸಿದರು. ನೀವು ಇಂದು ಕೊಳ್ಳುವ ಕಾರಿನ ಬ್ಯಾಟರಿ ಪೆಟ್ಟಿಗೆಯಲ್ಲಿ ಆ ಏರ್ಪಾಡು ಇರುವುದಿಲ್ಲ. ಸೆಲ್ ಒಂದನ್ನೇ ತಂದು ಹಾಕಿದರೆ ಪ್ರಯೋಜನವಿಲ್ಲ. ಪೆಟ್ಟಿಗೆ, ತಂಪುಗೊಳಿಸುವ ಕೊಳವೆಗಳು, ಬ್ಯಾಟರಿಯ ಮೇಲೆ ಕಣ್ಣಿಡುವ ನಿಯಂತ್ರಕ ಎಲ್ಲವೂ ಒಟ್ಟಿಗೆ ಬದಲಾಗಬೇಕು. ಬದಲಾದ ಪ್ಯಾಕ್‌ಗೆ ವಿಶ್ವಸಂಸ್ಥೆಯ ಆರ್100 ನಿಯಮದಡಿ ಸುರಕ್ಷತಾ ಅನುಮೋದನೆಯೂ ಹೊಸದಾಗಿ ಬೇಕು.

ಆದ್ದರಿಂದ ಘನಸ್ಥಿತಿ ಬ್ಯಾಟರಿಯ ಆಸೆಯಿಂದ ಈಗಿನ ಕಾರನ್ನು ಕೊಳ್ಳಬೇಡಿ, ಅದರ ಭಯದಿಂದ ಕೊಳ್ಳುವುದನ್ನು ಬಿಡಲೂಬೇಡಿ. ಅದು ಬರುವಾಗ ತನಗೆಂದೇ ರೂಪಿಸಿದ ಕಾರಿನೊಂದಿಗೆ ಬರುತ್ತದೆ.

ಕುಟುಂಬದ ಚಾಲಕಿ

ಸಾಫ್ಟ್‌ವೇರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬ್ಯಾಟರಿಯೂ ಕಂಪ್ಯೂಟರೂ ಬದಲಾಗದೆ ಮನೆ ಸೇರಿದ ಕಾರು ಉತ್ತಮಗೊಂಡ ಉದಾಹರಣೆ ಜಾಗ್ವಾರ್ ಐ-ಪೇಸ್. 2019ರ ಕೊನೆಗೆ ಬಂದ ಅಪ್‌ಡೇಟ್ ಒಂದು, ಅವರ ರೇಸಿಂಗ್ ಸರಣಿಯಿಂದ ಕಲಿತದ್ದನ್ನು ಬಳಸಿಕೊಂಡು, ವಾಸ್ತವ ರೇಂಜನ್ನು 20 ಕಿಲೋಮೀಟರ್‌ವರೆಗೆ ಹೆಚ್ಚಿಸಿತು. ಬ್ಯಾಟರಿಯ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನದನ್ನು ಆ ಕಾರು ಕಾಣಲಿಲ್ಲ. 2018ರಿಂದ 2024ರವರೆಗೂ 90 ಕಿಲೋವ್ಯಾಟ್ ಅವರ್ ಬ್ಯಾಟರಿಯಲ್ಲಿಯೇ ಉಳಿಯಿತು. ಮೊದಲು ಬಂದಾಗ ಎಲ್ಲರೂ ಕೊಂಡಾಡಿದ ಕಾರು, ಒಂದು ಗಟ್ಟಿಯಾದ ಮಧ್ಯಾವಧಿ ಪರಿಷ್ಕರಣೆ ಸಿಗದೆ ಹೇಗೆ ಹಿಂದುಳಿಯಿತು ಎಂಬುದನ್ನು ನೋಡಿದರೆ ನನಗೆ ಈಗಲೂ ಬೇಸರವಾಗುತ್ತದೆ.

ಇನ್ವರ್ಟರ್ ಇಂಜಿನಿಯರ್

ಅಪ್‌ಡೇಟ್‌ಗಳಿಗೂ ಈಗ ಬಿಗಿಯಾದ ಕಟ್ಟಳೆಗಳಿವೆ. ಸೈಬರ್ ಸುರಕ್ಷತೆಗೆ ಸಂಬಂಧಿಸಿದ ಆರ್155, ಸಾಫ್ಟ್‌ವೇರ್ ಅಪ್‌ಡೇಟ್‌ಗೆ ಸಂಬಂಧಿಸಿದ ಆರ್156 ಎಂಬ ವಿಶ್ವಸಂಸ್ಥೆಯ ನಿಯಮಗಳು ಯುರೋಪಿನಲ್ಲಿ 2022ರ ಜುಲೈಯಿಂದ ಹೊಸ ಮಾದರಿಗಳಿಗೂ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಅನ್ವಯವಾಗುತ್ತವೆ. ಪೋರ್ಷ ತನ್ನ ಪೆಟ್ರೋಲ್ ಮಕಾನ್ ಮಾರಾಟವನ್ನು ಯುರೋಪಿಯನ್ ಒಕ್ಕೂಟದಲ್ಲಿ 2024ರಲ್ಲಿ ನಿಲ್ಲಿಸಿದ್ದು ಇದೇ ಸೈಬರ್ ನಿಯಮದ ಕಾರಣಕ್ಕೆ. ಬೇಡಿಕೆಯಿದ್ದ ಕಾರಿನ ಎಲೆಕ್ಟ್ರಾನಿಕ್ಸನ್ನು ಹೊಸದಾಗಿ ಕಟ್ಟುವುದಕ್ಕಿಂತ ಮಾರಾಟ ನಿಲ್ಲಿಸುವುದೇ ಲೇಸೆಂದು ಒಂದು ಕಂಪನಿ ತೀರ್ಮಾನಿಸಿತು ಎಂದರೆ, ಹಳೆಯ ಚೌಕಟ್ಟಿಗೆ ಹೊಸದನ್ನು ತುರುಕುವುದು ಎಷ್ಟು ಶ್ರಮದ ಕೆಲಸ ಎಂದು ಊಹಿಸಬಹುದು.

ದೂರಪ್ರಯಾಣಿಯವರು ಬಿಎಂಡಬ್ಲ್ಯು ಹೆಸರನ್ನೂ ಎತ್ತಿದ್ದರಿಂದ ಒಂದು ವಿಷಯ. ಐಎಕ್ಸ್3 ಜೊತೆ ಬಂದ ತಂತ್ರಜ್ಞಾನವನ್ನು 2027ರೊಳಗೆ 40 ಹೊಸ ಹಾಗೂ ಪರಿಷ್ಕೃತ ಮಾದರಿಗಳಿಗೆ ಒಯ್ಯುವುದಾಗಿ ಕಂಪನಿಯೇ ಘೋಷಿಸಿದೆ. ‘ಪರಿಷ್ಕೃತ’ ಎಂಬ ಮಾತು ಅಲ್ಲಿ ಇದೆ ಎಂಬುದನ್ನು ಗಮನಿಸಿ. ಆದರೆ ತಂತ್ರಜ್ಞಾನ ಬರುತ್ತದೆ ಎಂದರೆ ಎಲ್ಲವೂ ಬರುತ್ತದೆ ಎಂದಲ್ಲ. ಪರದೆಗಳು ಮತ್ತು ಸಿಲಿಂಡರ್ ಆಕಾರದ ಹೊಸ ಸೆಲ್‌ಗಳು ಹಳೆಯ ಬಾಡಿಗೂ ಹೊಂದಿಕೊಳ್ಳಬಹುದು. ವೋಲ್ಟೇಜ್ ಬಗ್ಗೆ ಮಾತ್ರ ಆಯಾ ಕಾರಿನ ವಿವರಪಟ್ಟಿಯಲ್ಲಿ ಅಂಕಿ ಅಚ್ಚಾಗುವವರೆಗೆ ಯಾವ ಊಹೆಯನ್ನೂ ನಂಬಬೇಡಿ.

ನನ್ನನ್ನು ಕೇಳಿದರೆ ನಿಮ್ಮ ಬಳಕೆಯೇ ಇದನ್ನು ತೀರ್ಮಾನಿಸಬೇಕು. ಮನೆಯಲ್ಲಿ ರಾತ್ರಿ ಚಾರ್ಜ್ ಮಾಡಿ, ವರ್ಷಕ್ಕೆ ಬೆರಳೆಣಿಕೆಯಷ್ಟು ದೂರದ ಪ್ರಯಾಣ ಮಾಡುವವರಿಗೆ 118 ಕಿಲೋವ್ಯಾಟ್ ಅವರ್ ಬ್ಯಾಟರಿಯ 400 ವೋಲ್ಟ್ ಕಾರು ಏನೂ ಕಡಿಮೆಯಲ್ಲ. ಹೆದ್ದಾರಿಯಲ್ಲಿಯೇ ಜೀವನ ಕಳೆಯುವವರಾದರೆ 800 ವೋಲ್ಟ್ ಕಾರಿಗೆ ಕಾಯುವುದು ಸಾರ್ಥಕ. ನಡುವೆ ಇರುವವರು ಪೂರ್ತಿ ಕೊಳ್ಳುವ ಬದಲು ಮೂರು ವರ್ಷದ ಲೀಸ್ ತೆಗೆದುಕೊಂಡರೆ ತಂತ್ರಜ್ಞಾನ ಹಳತಾಗುವ ನಷ್ಟದ ಬಹುಭಾಗ ಲೀಸ್ ಕಂಪನಿಯ ತಲೆಗೆ ಹೋಗುತ್ತದೆ.

ದೂರಪ್ರಯಾಣಿ

ನನ್ನ ಪ್ರಯಾಣಗಳು ಹೆಚ್ಚಾಗಿ ಹೆದ್ದಾರಿಯವೇ. ಆದ್ದರಿಂದ 800 ವೋಲ್ಟ್ ಕಾರಿಗೆ ಹೋಗುವುದೆಂದು ಬಹುತೇಕ ತೀರ್ಮಾನಿಸಿದ್ದೇನೆ. ಆದರೆ ನಾನು ಓಡಾಡುವ ದಾರಿಯಲ್ಲಿ ಹಳೆಯ ಚಾರ್ಜಿಂಗ್ ಕೇಂದ್ರಗಳೂ ಇವೆ. ಅವು 400 ವೋಲ್ಟ್‌ನವಾದರೆ ಹೊಸ ಕಾರು ಅಲ್ಲಿ ಚಾರ್ಜ್ ಆಗುವುದೇ?

ಇನ್ವರ್ಟರ್ ಇಂಜಿನಿಯರ್

ಎಲ್ಲ ಕಾರುಗಳಿಗೂ ಆಗುವುದಿಲ್ಲ, ಕೊಳ್ಳುವ ಮುನ್ನ ಇದನ್ನು ಕೇಳಲೇಬೇಕು. ಟೈಕಾನ್ ಮೊದಲು ಬಂದಾಗ ವೋಲ್ಟೇಜ್ ಏರಿಸುವ ಪರಿವರ್ತಕ ಕಾರಿನೊಳಗೇ ಇತ್ತು. 400 ವೋಲ್ಟ್ ಕೇಂದ್ರದಲ್ಲಿ ಸಾಮಾನ್ಯವಾಗಿ 50 ಕಿಲೋವ್ಯಾಟ್, ಹೆಚ್ಚಿನ ಹಣ ಕೊಟ್ಟರೆ 150 ಕಿಲೋವ್ಯಾಟ್‌ವರೆಗೆ ತೆಗೆದುಕೊಳ್ಳುತ್ತಿತ್ತು. ಹ್ಯುಂಡೈ ಮತ್ತು ಕಿಯಾ ಕಂಪನಿಗಳು ಪ್ರತ್ಯೇಕ ಪರಿವರ್ತಕವಿಲ್ಲದೆ ಮೋಟರ್‌ನ ಸುರುಳಿಯನ್ನೂ ಇನ್ವರ್ಟರನ್ನೂ ಬಳಸಿಕೊಂಡೇ ವೋಲ್ಟೇಜ್ ಏರಿಸುವ ಉಪಾಯ ಮಾಡಿದವು. ಆದರೆ ಹೊಸ ಸಿಎಲ್ಎ ಯುರೋಪಿನಲ್ಲಿ ಮೊದಲು ಮಾರಾಟಕ್ಕೆ ಬಂದಾಗ 400 ವೋಲ್ಟ್ ಡಿಸಿ ಕೇಂದ್ರಗಳಲ್ಲಿ ಚಾರ್ಜ್ ಆಗುತ್ತಿರಲಿಲ್ಲ.

ನೀವು ನೋಡಿಟ್ಟಿರುವ ಕಾರಿನ ವಿವರಪಟ್ಟಿಯಲ್ಲಿ 400 ವೋಲ್ಟ್ ಡಿಸಿ ಚಾರ್ಜಿಂಗ್ ಬೆಂಬಲ ಎಂಬ ಸಾಲು ಇದೆಯೇ, ಇದ್ದರೆ ಎಷ್ಟು ಕಿಲೋವ್ಯಾಟ್, ಅದು ಎಲ್ಲ ಕಾರಿಗೂ ಬರುತ್ತದೆಯೋ ಆಯ್ಕೆಯಾಗಿ ಸೇರಿಸಬೇಕೋ ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಿ. ಆಯ್ಕೆಯಾಗಿದ್ದರೆ ಬುಕಿಂಗ್ ಸಮಯದಲ್ಲಿಯೇ ಸೇರಿಸಿಬಿಡಿ. ಕಾರು ತಯಾರಾದ ಮೇಲೆ ಅದನ್ನು ಹಾಕಿಸಿಕೊಳ್ಳಬಹುದು ಎಂದು ನೆಚ್ಚಿಕೊಳ್ಳಬೇಡಿ.